ಮೂತಿ ಎತ್ತಿದ ಟ್ರಕ್ಕು, ಭಾರ ಹಂಚುವ ಕೊಂಡಿ

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಲಾರಮಿಯಿಂದ ರಾಲಿನ್ಸ್‌ಗೆ ಹೋಗುವ ಇಂಟರ್‌ಸ್ಟೇಟ್ 80 ಹೆದ್ದಾರಿಯಲ್ಲಿ ಗಾಳಿಗೆ ಬಿಡುವೆಂಬುದಿಲ್ಲ. ಎಲ್ಕ್ ಮೌಂಟನ್ ಆಸುಪಾಸಿನಲ್ಲಿ ಅದು ಜೋರಾಗಿ ಅಡ್ಡ ಬೀಸತೊಡಗಿದರೆ, ಹಗುರವಾದ ಎತ್ತರದ ವಾಹನಗಳಿಗೆ ರಾಜ್ಯದ ಸಾರಿಗೆ ಇಲಾಖೆ ದಾರಿಯನ್ನೇ ಮುಚ್ಚುತ್ತದೆ. ದಾರಿ ತೆರೆದಿರುವ ಬೇಸಿಗೆಯ ದಿನಗಳಲ್ಲಿ ಅದೇ ಹೆದ್ದಾರಿಯ ಮೇಲೆ ಪಿಕಪ್ ಟ್ರಕ್ಕುಗಳು ಸಾಲುಗಟ್ಟುತ್ತವೆ. ಒಂದೊಂದರ ಬೆನ್ನಿಗೂ ಒಂದೊಂದು ಮನೆ: ಒಳಗೆ ಮಂಚ, ಅಡುಗೆಕಟ್ಟೆ, ಫ್ರಿಜ್, ಸ್ನಾನದ ಕೋಣೆ, ಟ್ಯಾಂಕಿನ ತುಂಬ ನೀರು.

ಅವುಗಳಲ್ಲೊಂದನ್ನು ಪಕ್ಕದ ಲೇನಿನಿಂದ ನೋಡಿ. ಟ್ರಕ್ಕಿನ ಹಿಂಭಾಗ ಕುಸಿದು ಕೂತಿದೆ, ಮೂತಿ ಮೇಲಕ್ಕೆದ್ದಿದೆ. ಕತ್ತಲಾದ ಮೇಲೆ ಅದರ ಹೆಡ್‌ಲೈಟು ರಸ್ತೆ ಬಿಟ್ಟು ಮುಂದೆ ಹೋಗುವವರ ಕನ್ನಡಿಗೆ ಹೊಡೆಯುತ್ತದೆ. ಡಿಪ್ ಮಾಡಿದರೂ ಅಷ್ಟೇ. ಅಷ್ಟರಲ್ಲಿ ಹದಿನೆಂಟು ಚಕ್ರದ ಲಾರಿಯೊಂದು ಓವರ್‌ಟೇಕ್ ಮಾಡುತ್ತದೆ. ಲಾರಿ ತಳ್ಳಿಕೊಂಡು ಬಂದ ಗಾಳಿ ಟ್ರೇಲರ್‌ನ ಬಾಲವನ್ನು ಆಚೆಗೆ ನೂಕುತ್ತದೆ. ಲಾರಿ ಮುಂದೆ ಸರಿದಂತೆ ಅದೇ ಬಾಲ ಈಚೆಗೆ ವಾಲುತ್ತದೆ. ಡ್ರೈವರ್ ಸ್ಟೀರಿಂಗ್ ತಿರುಗಿಸಿ ಸರಿಪಡಿಸಲು ನೋಡುತ್ತಾನೆ. ಸ್ಟೀರಿಂಗ್ ಹಗುರವಾಗಿ, ಇರಬೇಕಾದದ್ದಕ್ಕಿಂತ ಹಗುರವಾಗಿ ತಿರುಗುತ್ತದೆ. ಟ್ರಕ್ಕು ಮಾತ್ರ ಒಂದು ಗಳಿಗೆ ತಡವಾಗಿ ಮಾತು ಕೇಳುತ್ತದೆ.

ಇದಕ್ಕೆ ಮದ್ದೆಂದು ಅಲ್ಲಿನ ಟ್ರೇಲರ್ ಅಂಗಡಿಗಳಲ್ಲಿ ಮಾರುವ ವಸ್ತುವಿನ ಹೆಸರು ವೇಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್, ಅಂದರೆ ಭಾರ ಹಂಚಿಕೊಡುವ ಕೊಂಡಿ. ಟ್ರೇಲರ್ ಕೊಳ್ಳುವಾಗ ಡೀಲರ್ ಅದನ್ನೂ ಬಿಲ್ಲಿಗೆ ಸೇರಿಸುವುದುಂಟು. ಹಾಗೆ ಬಂದ ಕೊಂಡಿ ಆ ಟ್ರಕ್ಕಿಗೆ, ಆ ಟ್ರೇಲರ್‌ಗೆ, ಆ ಸಂಸಾರ ಹೇರಿಕೊಂಡ ಸಾಮಾನಿಗೆ ಹೊಂದುತ್ತದೆಯೇ ಎಂದು ಕೇಳುವವರು ಕಡಿಮೆ. ಯಾವ ಬ್ರ್ಯಾಂಡು ಮೇಲು ಎಂಬ ವಾದವೇ ಜೋರು. ಈ ಕೊಂಡಿಯ ಆಯ್ಕೆ ನಿಜಕ್ಕೂ ಶುರುವಾಗಬೇಕಾದದ್ದು ವೇ ಬ್ರಿಜ್‌ನ ಮೇಲೆ.

ಮುಂದಿನ ಚಕ್ರಕ್ಕೆ ಏನಾಯಿತು?

ಕಬ್ಬಿನ ಕಾಲದಲ್ಲಿ ಮಂಡ್ಯ, ಬಾಗಲಕೋಟೆ ಕಡೆ ಓಡಾಡಿದವರಿಗೆ ಸಮಸ್ಯೆಯ ಅರ್ಧ ಗೊತ್ತೇ ಇರುತ್ತದೆ. ಮಿತಿಮೀರಿ ಕಬ್ಬು ಹೇರಿಕೊಂಡ ಟ್ರಾಕ್ಟರ್ ಏರು ಹತ್ತುವಾಗ ಮುಂದಿನ ಚಿಕ್ಕ ಚಕ್ರಗಳು ನೆಲ ಬಿಟ್ಟು ಏಳುತ್ತವೆ. ಆ ಕ್ಷಣದಲ್ಲಿ ಸ್ಟೀರಿಂಗ್ ಇದ್ದೂ ಇಲ್ಲದಂತೆ. ಟ್ರಾಕ್ಟರಿನ ಮೂತಿಗೆ ಎರಕದ ಕಬ್ಬಿಣದ ತೂಕಗಳನ್ನು ಸಾಲಾಗಿ ನೇತುಹಾಕುವುದು ಇದನ್ನು ತಡೆಯಲೆಂದೇ. ಟ್ರಾಕ್ಟರ್ ವಿಷಯದಲ್ಲಿ ಎಳೆತದ ಜೋರೂ ಸೇರಿಕೊಂಡು ಮೂತಿಯನ್ನು ಎತ್ತುತ್ತದೆ. ಪಿಕಪ್ ಟ್ರಕ್ಕಿನಲ್ಲಿ ಚಕ್ರ ಕಣ್ಣಿಗೆ ಕಾಣುವಷ್ಟು ಏಳುವುದಿಲ್ಲ. ಅದರ ಮೇಲಿನ ಭಾರವಷ್ಟೇ ಸದ್ದಿಲ್ಲದೆ ಇಳಿದುಹೋಗುತ್ತದೆ.

ಕಾರಣ ಸರಳ. ಟ್ರೇಲರ್‌ನ ಮುಂಭಾಗದ ತ್ರಿಕೋನಾಕಾರದ ಚೌಕಟ್ಟು ಟ್ರಕ್ಕಿನ ಹಿಂದಿರುವ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಆ ಗುಂಡಿನ ಮೇಲೆ ಟ್ರೇಲರ್ ಊರುವ ಭಾರಕ್ಕೆ ಟಂಗ್ ವೇಟ್ ಎನ್ನುತ್ತಾರೆ. ಗುಂಡು ಇರುವುದು ಟ್ರಕ್ಕಿನ ಹಿಂದಿನ ಆಕ್ಸಲ್‌ಗಿಂತ ಒಂದೂವರೆ ಮೀಟರಿನಷ್ಟು ಹಿಂದೆ. ಅಲ್ಲಿ ಭಾರ ಹೇರಿದರೆ ಹಿಂದಿನ ಆಕ್ಸಲ್ಲೇ ಆಧಾರವಾಗಿ, ಸನ್ನೆಯ ನಿಯಮದಂತೆ, ಮುಂದಿನ ಚಕ್ರಗಳು ಹಗುರಾಗುತ್ತವೆ.

ಅಂಕಿಯಲ್ಲಿ ಹೇಳುವುದಾದರೆ ಹೀಗೆ. ಸಾಮಾನು ತುಂಬಿದ ಮೇಲೆ 2,800 ಕಿಲೊ, ಅಂದರೆ ಸುಮಾರು 6,200 ಪೌಂಡ್ ತೂಗುವ ಟ್ರೇಲರ್ ಎಂದುಕೊಳ್ಳಿ. ಅದರ ಟಂಗ್ ವೇಟ್ 360 ಕಿಲೊ, ಅಂದರೆ 800 ಪೌಂಡ್. ಟ್ರಕ್ಕಿನ ಮುಂದಿನ-ಹಿಂದಿನ ಆಕ್ಸಲ್‌ಗಳ ನಡುವೆ 3.7 ಮೀಟರ್, ಹಿಂದಿನ ಆಕ್ಸಲ್‌ನಿಂದ ಗುಂಡಿಗೆ 1.6 ಮೀಟರ್. ಕೊಂಡಿ ಹಾಕಿದೊಡನೆ ಮುಂದಿನ ಚಕ್ರಗಳ ಮೇಲಿಂದ ಸುಮಾರು 156 ಕಿಲೊ ಇಳಿಯುತ್ತದೆ. ಹಿಂದಿನ ಚಕ್ರಗಳ ಮೇಲೆ ಟ್ರೇಲರ್‌ನ 360 ಕಿಲೊ, ಜೊತೆಗೆ ಮುಂದಿನಿಂದ ಬಂದ 156 ಕಿಲೊ ಸೇರಿ 516 ಕಿಲೊ ಏರುತ್ತದೆ. ಟ್ರೇಲರ್ ಊರಿದ್ದಕ್ಕಿಂತ ಹೆಚ್ಚಿನ ಭಾರವನ್ನು ಹಿಂದಿನ ಟಯರುಗಳು ಹೊರುತ್ತವೆ. ತಿರುವಿನಲ್ಲಿ ಗಾಡಿಯನ್ನು ತಿರುಗಿಸಬೇಕಾದ, ಬ್ರೇಕ್ ಹಾಕಿದಾಗ ಹೆಚ್ಚಿನ ಕೆಲಸ ಮಾಡಬೇಕಾದ ಮುಂದಿನ ಟಯರುಗಳು ನೆಲವನ್ನು ಸಡಿಲವಾಗಿ ಹಿಡಿದಿರುತ್ತವೆ.

ಹಾಗಾದರೆ ಟಂಗ್ ವೇಟನ್ನೇ ಕಡಿಮೆ ಮಾಡಿದರಾಗದೇ? ಸಾಮಾನನ್ನೆಲ್ಲ ಟ್ರೇಲರ್‌ನ ಹಿಂಭಾಗಕ್ಕೆ ಸಾಗಿಸಿದರೆ ಗುಂಡಿನ ಮೇಲಿನ ಭಾರ ಇಳಿಯುತ್ತದಲ್ಲ? ಇಳಿಯುತ್ತದೆ, ಆದರೆ ಆಗ ಟ್ರೇಲರ್ ಬಾಲ ಬೀಸತೊಡಗುತ್ತದೆ, ಅದು ಇನ್ನೂ ದೊಡ್ಡ ಅಪಾಯ. ಅದಕ್ಕೇ ಅಮೆರಿಕದಲ್ಲಿ ಟ್ರೇಲರ್‌ನ ಒಟ್ಟು ತೂಕದ ಶೇ 10ರಿಂದ 15ರಷ್ಟು ಗುಂಡಿನ ಮೇಲೆ ಇರಲೇಬೇಕೆಂದು ಹೇಳುತ್ತಾರೆ. ಭಾರ ಬೇಕು, ಆದರೆ ಅದು ಟ್ರಕ್ಕಿನ ಬಾಲ ಕುಸಿಯುವಂತೆ ಬೀಳಬಾರದು. ಈ ಇಕ್ಕಟ್ಟಿನಿಂದ ಹುಟ್ಟಿದ್ದೇ ಭಾರ ಹಂಚುವ ಕೊಂಡಿ.

ಬಾಗಿದ ಸಲಾಕೆಗಳ ಬಲ

ಟ್ರಕ್ಕಿನ ಬಂಪರ್ ಕೆಳಗೆ ಚೌಕಾಕಾರದ ಉಕ್ಕಿನ ಕೊಳವೆಯೊಂದಿರುತ್ತದೆ, ಅದನ್ನು ರಿಸೀವರ್ ಎನ್ನುತ್ತಾರೆ. ಸಾಮಾನ್ಯ ಹಿಚ್ ಆದರೆ ಅದರೊಳಗೆ ತೂರಿಸಿದ ಉಕ್ಕಿನ ತುಂಡು, ಅದರ ತುದಿಗೆ ಗುಂಡು, ಅಷ್ಟೇ. ಭಾರ ಹಂಚುವ ಕೊಂಡಿಯಲ್ಲಿ ಗುಂಡಿನ ಕೆಳಗಿನ ತಲೆಭಾಗದಿಂದ ಎರಡು ಸ್ಪ್ರಿಂಗ್ ಉಕ್ಕಿನ ಸಲಾಕೆಗಳು ಹೊರಟು, ಟ್ರೇಲರ್ ಚೌಕಟ್ಟಿನ ಎಡಬಲ ತೋಳುಗಳ ಕೆಳಗೆ ಹಿಂದಕ್ಕೆ ಚಾಚಿಕೊಂಡಿರುತ್ತವೆ. ಅವುಗಳ ತುದಿಯನ್ನು ಬಲವಾಗಿ ಮೇಲಕ್ಕೆತ್ತಿ, ಸರಪಳಿಯಿಂದಲೋ ಬ್ರಾಕೆಟ್‌ನಿಂದಲೋ ಚೌಕಟ್ಟಿಗೆ ಸಿಕ್ಕಿಸುತ್ತಾರೆ. ಎತ್ತಿ ಸಿಕ್ಕಿಸಿದ ಸಲಾಕೆ ಬಾಗುತ್ತದೆ. ಬಾಗಿದ ಉಕ್ಕು ನೇರವಾಗಲು ಹವಣಿಸುತ್ತಲೇ ಇರುತ್ತದೆ. ಆ ಹವಣಿಕೆ ರಿಸೀವರ್ ಮೂಲಕ ಇಡೀ ಟ್ರಕ್ಕಿನ ಚಾಸಿಯನ್ನು ಮೂತಿ ಕೆಳಗಾಗುವಂತೆ ತಿರುಚುತ್ತದೆ.

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಗುಂಡಿನಿಂದ ಟ್ರೇಲರ್‌ನ ಆಕ್ಸಲ್‌ಗಳಿಗೆ ಐದು ಮೀಟರ್ ದೂರವಿದೆ ಎನ್ನಿ. ಮುಂದಿನ ಚಕ್ರಗಳು ಕಳೆದುಕೊಂಡ ಭಾರದ ಅರ್ಧ ವಾಪಸು ಬರುವಷ್ಟು ಸಲಾಕೆ ಬಿಗಿದರೆ ಮುಂದೆ 78 ಕಿಲೊ ಮರಳುತ್ತದೆ, ಟ್ರೇಲರ್‌ನ ಚಕ್ರಗಳ ಮೇಲೆ ಸುಮಾರು 44 ಕಿಲೊ ಹೋಗಿ ಕೂರುತ್ತದೆ, ಹಿಂದಿನ ಆಕ್ಸಲ್ 122 ಕಿಲೊ ಹಗುರಾಗುತ್ತದೆ. ಮೂರನ್ನೂ ಕೂಡಿ ಕಳೆದು ನೋಡಿ, ಒಟ್ಟು ಭಾರ ಒಂದು ಕಿಲೊ ಕೂಡ ಕಡಿಮೆಯಾಗಿಲ್ಲ. ಇದ್ದ ಭಾರ ಜಾಗ ಬದಲಿಸಿದೆ, ಅಷ್ಟೇ. ಹಿಂದಿನ ಸಸ್ಪೆನ್ಷನ್‌ಗೆ ಗಾಳಿಯ ಬ್ಯಾಗು ಹಾಕಿಸಿದರೂ ಟ್ರಕ್ಕು ಮಟ್ಟವಾಗಿ ಕಾಣುತ್ತದಲ್ಲ ಎನ್ನುವವರಿದ್ದಾರೆ. ಕಾಣುತ್ತದೆ ನಿಜ. ಆದರೆ ಬ್ಯಾಗು ಹಿಂಭಾಗವನ್ನು ಎತ್ತುತ್ತದೆಯೇ ಹೊರತು ಮುಂದಿನ ಚಕ್ರಕ್ಕೆ ಕಳೆದುಹೋದ ಭಾರವನ್ನು ತಂದುಕೊಡುವುದಿಲ್ಲ.

ಸಲಾಕೆಗಳ ಬಲ ಎಷ್ಟೆಂದು ತೋರಿಸಲು 1960ರ ದಶಕದಲ್ಲಿ ರೀಸ್ ಎಂಬ ಹಿಚ್ ಕಂಪನಿ ಒಂದು ಸರ್ಕಸ್ ಮಾಡಿತ್ತು. ಮುಂದಿನ ಚಕ್ರಗಳಿಂದ ಚಲಿಸುವ ಓಲ್ಡ್ಸ್‌ಮೊಬೀಲ್ ಟೊರೊನಾಡೊ ಕಾರಿನ ಹಿಂದಿನ ಎರಡೂ ಚಕ್ರಗಳನ್ನು ಬಿಚ್ಚಿಹಾಕಿ, ಸಲಾಕೆಗಳನ್ನು ಬಿಗಿದು, ಟ್ರೇಲರ್ ಎಳೆಸಿತು. ಕಾರಿನ ಹಿಂಭಾಗ ನೆಲಕ್ಕೆ ತಾಗದೆ ಗಾಳಿಯಲ್ಲೇ ನಿಂತಿತ್ತು. ಆ ಚಿತ್ರ ಇಂದಿಗೂ ಟ್ರೇಲರ್ ಪ್ರಿಯರ ನಡುವೆ ಓಡಾಡುತ್ತದೆ, ‘ನೋಡಿ, ಕೊಂಡಿ ಒಳ್ಳೆಯದಿದ್ದರೆ ಏನನ್ನೂ ಎಳೆಯಬಹುದು’ ಎಂಬ ವಾದಕ್ಕೆ ಸಾಕ್ಷಿಯಾಗಿ. ಅದು ಸಾಬೀತು ಮಾಡುವುದು ಇನ್ನೊಂದನ್ನು. ಹಿಂದಿನ ಚಕ್ರಗಳ ಭಾರವನ್ನು ಪೂರ್ತಿ ಕಿತ್ತುಹಾಕುವಷ್ಟು ಬಲ ಈ ಸಲಾಕೆಗಳಲ್ಲಿದೆ ಎಂದರೆ, ಅತಿಯಾಗಿ ಬಿಗಿದರೆ ಹಿಂದಿನ ಟಯರುಗಳೇ ಹಿಡಿತ ಕಳೆದುಕೊಳ್ಳುತ್ತವೆ ಎಂದೂ ಆಯಿತು. ಮುಂಭಾಗ ಹಗುರಾದರೆ ಟ್ರಕ್ಕು ತಿರುಗಲು ಒಲ್ಲೆ ಎನ್ನುತ್ತದೆ. ಹಿಂಭಾಗ ಹಗುರಾದರೆ ತಿರುವಿನಲ್ಲಿ ಬಾಲ ಹೊರಗೆ ಜಾರುತ್ತದೆ, ಅದನ್ನು ಸರಿಪಡಿಸಲು ಡ್ರೈವರ್‌ಗೆ ಸಿಗುವ ಸಮಯ ಇನ್ನೂ ಕಡಿಮೆ. ಮುಂದೆ-ಹಿಂದೆ ಸಮನಾಗಿ ಕುಸಿಯುವಂತೆ ಬಿಗಿಯಿರಿ ಎಂಬುದು ಹಳೆಯ ಕಾಲದ ಸಲಹೆ. ಈಗ ಹಲವು ಟ್ರಕ್ ಕಂಪನಿಗಳ ಕೈಪಿಡಿ, ಮುಂಭಾಗ ಎದ್ದ ಎತ್ತರದಲ್ಲಿ ಅರ್ಧದಷ್ಟು ಇಳಿದರೆ ಸಾಕು ಎನ್ನುತ್ತದೆ.

ಜಾಹೀರಾತಿನ ಅಂಕಿ

ಟೀವಿಯಲ್ಲಿ ಬರುವ ಟ್ರಕ್ ಜಾಹೀರಾತು 13,000 ಪೌಂಡ್ ಎಳೆಯುತ್ತದೆ ಎಂದು ಎದೆ ತಟ್ಟಿಕೊಳ್ಳುತ್ತದೆ. ಆ ಅಂಕಿ ಎಲ್ಲಿಂದ ಬಂತು? ಒಂದು ಕಾಲದಲ್ಲಿ ಒಂದೊಂದು ಕಂಪನಿ ಒಂದೊಂದು ಲೆಕ್ಕ ಹಿಡಿಯುತ್ತಿತ್ತು. ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ 2008ರಲ್ಲಿ ಜೆ2807 ಎಂಬ ಮಾನದಂಡ ತಂದಿತು. ಅದನ್ನು ಮೊದಲು ಒಪ್ಪಿಕೊಂಡದ್ದು ಟೊಯೊಟಾ, 2011ರ ಮಾದರಿಗಳಿಗೆ. ಉಳಿದ ದೊಡ್ಡ ಕಂಪನಿಗಳು ವರ್ಷಗಟ್ಟಲೆ ಮೀನಮೇಷ ಎಣಿಸಿದವು. ತಾವು ಮೊದಲು ಒಪ್ಪಿದರೆ ತಮ್ಮ ಅಂಕಿ ಇಳಿಯುತ್ತದೆ, ಎದುರಾಳಿಯದು ಹಾಗೇ ಇರುತ್ತದೆ ಎಂಬ ಅಳುಕು.

ಆ ಮಾನದಂಡದ ಪ್ರಸಿದ್ಧ ಪರೀಕ್ಷೆ ನಡೆಯುವುದು ಅರಿಜೋನಾದಲ್ಲಿ, ಕೊಲರಾಡೊ ನದಿಯ ಡೇವಿಸ್ ಅಣೆಕಟ್ಟಿನ ಬಳಿ. ಅಲ್ಲಿಂದ ಮರುಭೂಮಿಯ ಬಿಸಿಲಿನಲ್ಲಿ 11 ಮೈಲಿಗೂ ಉದ್ದದ ಏರು. ಎಸಿ ಪೂರ್ತಿ ಹಾಕಿಕೊಂಡು, ಟ್ರೇಲರ್ ಎಳೆಯುತ್ತ, ಸಾಮಾನ್ಯ ಪಿಕಪ್ ಆದರೆ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್‌ಗಳ ಗಟ್ಟಿತನಕ್ಕೆ ಇದು ಒಳ್ಳೆಯ ಪರೀಕ್ಷೆ. ಆದರೆ ಆ ಲೆಕ್ಕದಲ್ಲಿ ಟ್ರಕ್ಕಿನೊಳಗೆ ಕೂತಿರುವವರು ತಲಾ 150 ಪೌಂಡಿನ ಇಬ್ಬರೇ. ಟಂಗ್ ವೇಟ್ ಟ್ರೇಲರ್‌ನ ಶೇ 10 ಮಾತ್ರ. ಡಲ್ಲಾಸ್‌ನಿಂದಲೋ ಸ್ಯಾನ್ ಹೊಸೆಯಿಂದಲೋ ಇಬ್ಬರು ಮಕ್ಕಳ ಜೊತೆಗೆ ಊರಿನಿಂದ ಬಂದ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು, ಅಕ್ಕಿ ಮೂಟೆ, ಕುಕ್ಕರ್ ಸಮೇತ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಡುವ ಕನ್ನಡ ಕುಟುಂಬವನ್ನು ಆ ಎಂಜಿನಿಯರುಗಳು ಎಣಿಸಿರಲಾರರು.

ಅಡಿಟಿಪ್ಪಣಿ ಇನ್ನೊಂದಿದೆ. ರಿಸೀವರ್ ಮೇಲಿನ ಸ್ಟಿಕರ್‌ನಲ್ಲಿ ಎರಡು ಸಾಲು ಅಂಕಿ ಇರುತ್ತವೆ. ಒಂದು ಬರಿಯ ಗುಂಡಿನ ಮೇಲೆ ಹೊರಬಹುದಾದ ಭಾರ, ಇನ್ನೊಂದು ಭಾರ ಹಂಚುವ ಕೊಂಡಿ ಇದ್ದಾಗಿನದು. ಫೋರ್ಡ್ ಎಫ್-150ರ ಹಲವು ವರ್ಷಗಳ ಮಾದರಿಗಳಲ್ಲಿ ಮೊದಲ ಸಾಲು 5,000 ಪೌಂಡ್ ಟ್ರೇಲರ್, 500 ಪೌಂಡ್ ಟಂಗ್ ವೇಟ್‌ಗೆ ನಿಲ್ಲುತ್ತದೆ. ಎರಡನೆಯ ಸಾಲು ಅದರ ದುಪ್ಪಟ್ಟನ್ನೂ ಮೀರಬಹುದು. ಅಂದರೆ ಜಾಹೀರಾತಿನ ದೊಡ್ಡ ಅಂಕಿ ಈ ಕೊಂಡಿ ಇದೆ ಎಂದುಕೊಂಡೇ ಕೊಟ್ಟದ್ದು. ಟೊಯೊಟಾ ತನ್ನ ಟಂಡ್ರಾಗೆ 5,000 ಪೌಂಡ್ ಮೀರಿದ ಟ್ರೇಲರ್ ಹಾಕುವಾಗ ಇದು ಬೇಕೇಬೇಕೆಂದು ಕೈಪಿಡಿಯಲ್ಲಿ ಬರೆದಿದೆ. ಕೊಂಡಿ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಮೊದಲ ಉತ್ತರ ಹೀಗೆ ಬಂಪರ್ ಕೆಳಗೇ ಅಂಟಿರುತ್ತದೆ; ಬಗ್ಗಿ ನೋಡಬೇಕಷ್ಟೇ.

ಬಹುತೇಕರು ಎಡವುವುದು ಮೂರನೆಯ ಅಂಕಿಯಲ್ಲಿ, ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಪೇಲೋಡ್ ಸ್ಟಿಕರ್‌ನಲ್ಲಿ. ಜನ ಮತ್ತು ಸಾಮಾನು ಸೇರಿ ಟ್ರಕ್ಕು ಹೊರಬಹುದಾದ ಒಟ್ಟು ತೂಕ ಅದು. ಸ್ಟಿಕರ್ 1,500 ಪೌಂಡ್ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಟಂಗ್ ವೇಟ್ 800, ಕೊಂಡಿಯ ಸ್ವಂತ ತೂಕ 90, ನಾಲ್ಕು ಜನ 600, ಹಿಂದಿನ ತೊಟ್ಟಿಯಲ್ಲಿ ಸೌದೆ, ಜನರೇಟರ್ 150. ಅಲ್ಲಿಗೆ 1,640. ಸಲಾಕೆ ಬಿಗಿದು ನೂರು ಪೌಂಡ್ ಟ್ರೇಲರ್ ಕಡೆಗೆ ಸಾಗಿಸಿದರೂ ಮಿತಿ ಮೀರಿಯೇ ಇರುತ್ತದೆ. ಎಳೆಯುವ ಶಕ್ತಿ ಇನ್ನೂ ಅರ್ಧದಷ್ಟು ಬಾಕಿ ಇರುವಾಗಲೇ ಹೊರುವ ಶಕ್ತಿ ಮುಗಿದುಹೋಗಿದೆ. ಎಂಥ ಕೊಂಡಿ ತಂದರೂ ಇದನ್ನು ತಿದ್ದಲಾಗದು. ಟ್ರೇಲರ್ ಚಿಕ್ಕದಾಗಬೇಕು, ಇಲ್ಲವೇ ಟ್ರಕ್ಕು ದೊಡ್ಡದಾಗಬೇಕು.

ಕೊಳ್ಳುವ ಮುನ್ನ ತೂಗುವುದು

ಟ್ರೇಲರ್ ಕಂಪನಿಯ ಕೈಹೊತ್ತಿಗೆಯಲ್ಲಿ ಟಂಗ್ ವೇಟ್ ಮುದ್ರಿಸಿರುತ್ತಾರೆ. ಅದು ಖಾಲಿ ಟ್ರೇಲರ್‌ನದು. ಕಾರ್ಖಾನೆಯಿಂದ ಹೊರಬಂದ ಮೇಲೆ ಅದರ ಮೂತಿಯ ಮೇಲೆ ಬ್ಯಾಟರಿ ಕೂರುತ್ತದೆ, ಎರಡು ಗ್ಯಾಸ್ ಸಿಲಿಂಡರ್ ತುಂಬುತ್ತವೆ. ಮುಂಭಾಗದ ಗೂಡಿನಲ್ಲಿ ಕುರ್ಚಿ, ಪೈಪು, ಒಲೆ ಸೇರುತ್ತವೆ. ಸಿಹಿನೀರಿನ ಟ್ಯಾಂಕು ಆಕ್ಸಲ್‌ಗಿಂತ ಮುಂದಿದ್ದರೆ ಅದು ತುಂಬಿದಾಗ ಮೂತಿ ಭಾರವಾಗುತ್ತದೆ, ಹಿಂದಿದ್ದರೆ ಹಗುರಾಗುತ್ತದೆ. 150 ಲೀಟರ್ ನೀರೆಂದರೆ 150 ಕಿಲೊ. ಕೈಹೊತ್ತಿಗೆಯಲ್ಲಿ 550 ಪೌಂಡ್ ಎಂದಿದ್ದದ್ದು ಪ್ರವಾಸಕ್ಕೆ ಹೊರಟಾಗ 800 ಆಗುವುದು ಅಚ್ಚರಿಯೇನಲ್ಲ. 550ನ್ನು ನಂಬಿ 600 ಪೌಂಡ್ ಅಳತೆಯ ಸಲಾಕೆ ಕೊಂಡವರು ಪ್ರವಾಸಕ್ಕೆ ಹೊರಟಾಗ ಟ್ರಕ್ಕಿನ ಮೂತಿ ಎದ್ದೇ ಇರುತ್ತದೆ.

ಆದ್ದರಿಂದ ಪ್ರವಾಸಕ್ಕೆ ಹೊರಟಂತೆಯೇ ಎಲ್ಲವನ್ನೂ ತುಂಬಿ ತೂಗಬೇಕು. ಅಮೆರಿಕದ ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇ ಬ್ರಿಜ್‌ಗಳಿವೆ. 1977ರಿಂದ ಲಾರಿಯವರಿಗಾಗಿ ನಡೆಯುತ್ತಿರುವ ವ್ಯವಸ್ಥೆ ಇದು; ಟ್ರೇಲರ್ ಸಂಸಾರಿಗಳೂ ಬಳಸುತ್ತಾರೆ. ನಮ್ಮ ಸಕ್ಕರೆ ಕಾರ್ಖಾನೆಯ ವೇ ಬ್ರಿಜ್ ಇಡೀ ಗಾಡಿಯನ್ನು ಒಟ್ಟಿಗೆ ತೂಗಿದರೆ, ಕ್ಯಾಟ್ ಸ್ಕೇಲ್‌ನಲ್ಲಿ ಬೇರೆ ಬೇರೆ ಹಾಸುಗಳಿದ್ದು, ಟ್ರಕ್ಕಿನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಆಕ್ಸಲ್ ಎಂದು ಮೂರು ಪ್ರತ್ಯೇಕ ತೂಕಗಳು ಚೀಟಿಯಲ್ಲಿ ಬರುತ್ತವೆ. ಟ್ರಕ್ಕನ್ನು ಮಾತ್ರ ಒಮ್ಮೆ, ಟ್ರೇಲರ್ ಹಾಕಿ ಸಲಾಕೆ ಬಿಗಿಯದೆ ಒಮ್ಮೆ, ಸಲಾಕೆ ಬಿಗಿದು ಇನ್ನೊಮ್ಮೆ ತೂಗಿದರೆ ಊಹೆಗೆ ಜಾಗವೇ ಉಳಿಯುವುದಿಲ್ಲ. ಮೊದಲೆರಡು ಚೀಟಿಗಳ ನಡುವೆ ಟ್ರಕ್ಕಿನ ಒಟ್ಟು ತೂಕ ಎಷ್ಟು ಹೆಚ್ಚಿತೋ ಅದೇ ಟಂಗ್ ವೇಟ್.

ಸಲಾಕೆಗಳು 400, 600, 800, 1,000, 1,200, 1,400 ಪೌಂಡ್ ಎಂಬ ಅಳತೆಗಳಲ್ಲಿ ಬರುತ್ತವೆ. ನಿಜವಾದ ಟಂಗ್ ವೇಟ್‌ಗೆ ಟ್ರಕ್ಕಿನ ಹಿಂದಿನ ಆಕ್ಸಲ್‌ನಿಂದಾಚೆ ಇಟ್ಟ ಸಾಮಾನಿನ ತೂಕವನ್ನೂ ಸೇರಿಸಿ ಅಳತೆ ಆರಿಸಬೇಕು, ಏಕೆಂದರೆ ಆ ಸಾಮಾನೂ ಮೂತಿಯನ್ನು ಎತ್ತುತ್ತದೆ. ನಮ್ಮ ಉದಾಹರಣೆಯಲ್ಲಿ 800ಕ್ಕೆ ತೊಟ್ಟಿಯ ಸಾಮಾನಿನ 150 ಸೇರಿ 950, ಹಾಗಾಗಿ 1,000ದ ಸಲಾಕೆ. ಇರಲಿ ಎಂದು 1,400ರದ್ದನ್ನು ತರುವುದು ಜಾಣತನವಲ್ಲ. ಬಾಗದಷ್ಟು ಬಿರುಸಾದ ಸಲಾಕೆ ರಸ್ತೆಯ ಪ್ರತಿ ಕುಳಿಯ ಪೆಟ್ಟನ್ನೂ ಟ್ರೇಲರ್‌ನ ಚೌಕಟ್ಟಿಗೆ ದಾಟಿಸುತ್ತದೆ.

ಅಲ್ಲಾಟದ ಮಾತು ಬೇರೆ

ಭಾರ ಹಂಚುವುದೂ ಅಲ್ಲಾಟ ತಡೆಯುವುದೂ ಎರಡು ಕೆಲಸ. ಅಂಗಡಿಯವರು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಮಾರುವುದರಿಂದ ಕೊಳ್ಳುವವರ ತಲೆಯಲ್ಲೂ ಅವು ಒಂದಾಗಿಬಿಟ್ಟಿವೆ.

ಟ್ರೇಲರ್ ಎಡಬಲಕ್ಕೆ ಬೀಸುವುದಕ್ಕೆ ಮೂಲ ಕಾರಣ ಬಹುಪಾಲು ಸಾಮಾನು ಹೇರಿದ ರೀತಿ, ಆಮೇಲೆ ವೇಗ. ಬಾಡಿಗೆ ಟ್ರೇಲರ್ ಕೊಡುವ ಯು-ಹಾಲ್ ಕಂಪನಿ ಸಾಮಾನಿನ ಶೇ 60 ಭಾಗ ಮುಂದಿನ ಅರ್ಧದಲ್ಲಿರಲಿ ಎಂದು ಹೇಳುತ್ತದೆ. ಓಡುವ ಪಟ್ಟಿಯ ಮೇಲೆ ಆಟಿಕೆ ಕಾರು, ಆಟಿಕೆ ಟ್ರೇಲರ್ ಇಟ್ಟು ತೋರಿಸುವ ಪ್ರಯೋಗವೊಂದಿದೆ: ತೂಕವನ್ನು ಟ್ರೇಲರ್‌ನ ಮುಂದೆ ಇಟ್ಟಾಗ ಬೆರಳಿನಿಂದ ತಳ್ಳಿದರೂ ಅದು ತಾನೇ ನೇರವಾಗುತ್ತದೆ, ಅದೇ ತೂಕ ಹಿಂದೆ ಹೋದರೆ ಒಂದೇ ತಟ್ಟಿಗೆ ಬೀಸಾಟ ಶುರುವಾಗಿ, ಪ್ರತಿ ಬೀಸೂ ಹಿಂದಿನದಕ್ಕಿಂತ ದೊಡ್ಡದಾಗುತ್ತ, ಕಾರನ್ನೂ ಎಳೆದುಕೊಂಡು ಮಗುಚುತ್ತದೆ. ವೇಗ ಹೆಚ್ಚಿದಷ್ಟೂ ಬೀಸಾಟ ತಾನಾಗಿ ಅಡಗುವ ಗುಣ ಕ್ಷೀಣಿಸುತ್ತದೆ. ಒಂದು ಮಿತಿ ದಾಟಿದರೆ ಅಡಗುವುದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಕ್ಕೆ ಗಂಟೆಗೆ 55 ಮೈಲಿ ಮಿತಿ. ಟ್ರೇಲರ್ ಟಯರುಗಳಲ್ಲೂ ಎಷ್ಟೋ 65 ಮೈಲಿಗೆಂದೇ ತಯಾರಾದವು. ಪಕ್ಕದಲ್ಲಿ 80ರಲ್ಲಿ ಹಾದುಹೋಗುವ ಟ್ರೇಲರ್‌ಗಳನ್ನು ನೋಡಿದರೆ ಈ ಎರಡೂ ಸಂಗತಿ ಯಾರಿಗೂ ಗೊತ್ತಿದ್ದಂತಿಲ್ಲ.

ಸರಿಯಾಗಿ ಹೇರಿದ ಟ್ರೇಲರ್‌ಗೂ ಗಾಳಿಯ ಪೆಟ್ಟು ತಪ್ಪಿದ್ದಲ್ಲ. ಅಲ್ಲಾಟ ತಡೆಯುವ ಸಾಧನ ಅದಕ್ಕೆ. ಅಗ್ಗದ ಕಿಟ್‌ನಲ್ಲಿ ಸ್ಕೂಟರಿನ ಬ್ರೇಕಿನಂತೆ ಉಜ್ಜುವ ಸಲಾಕೆಯೊಂದು ಪಕ್ಕದಲ್ಲಿ ಬರುತ್ತದೆ. ರಿವರ್ಸ್ ತೆಗೆಯುವ ಮೊದಲು ಅದನ್ನು ಬಿಚ್ಚಬೇಕು, ಮರೆತರೆ ಮುರಿದುಕೊಳ್ಳುತ್ತದೆ. ಈಕ್ವಲೈಜರ್ ಬ್ರ್ಯಾಂಡಿನ ಕೊಂಡಿಯಲ್ಲಿ ಭಾರ ಹಂಚುವ ಸಲಾಕೆಗಳೇ ಬ್ರಾಕೆಟ್‌ಗಳ ಮೇಲೆ ಉಜ್ಜಿಕೊಂಡು ಅಲ್ಲಾಟವನ್ನೂ ತಡೆಯುತ್ತವೆ. ರಿವರ್ಸ್‌ಗೆ ಬಿಚ್ಚಬೇಕಿಲ್ಲ, ಆದರೆ ಪೆಟ್ರೋಲ್ ಬಂಕಿಗೆ ತಿರುಗುವಾಗ ಕಿರ್ರೆನ್ನುವ ಸದ್ದು ಬೀದಿಗೆಲ್ಲ ಕೇಳುತ್ತದೆ. ರೀಸ್‌ನ ಡ್ಯುಯಲ್ ಕ್ಯಾಮ್‌ನಲ್ಲಿ ಸಲಾಕೆಯ ತುದಿ ಉಬ್ಬಿದ ಉಕ್ಕಿನ ತುಂಡಿನ ಮೇಲೆ ಕೂತಿರುತ್ತದೆ. ನೇರ ರಸ್ತೆಯಲ್ಲಿ ಅದು ಟ್ರೇಲರ್‌ಗೆ ನಡುಮಟ್ಟದಲ್ಲೇ ಇರು ಎಂದು ಒತ್ತಿಹೇಳಿದಂತೆ. ಆಂಡರ್ಸನ್ ಕಂಪನಿಯದು ಉಕ್ಕಿನ ಸಲಾಕೆಯ ಬದಲು ಸರಪಳಿ ಮತ್ತು ಯುರೆಥೇನ್ ಬುಶ್ ಬಳಸುವುದರಿಂದ ಹಗುರ, ಸದ್ದೂ ಕಡಿಮೆ.

ಇವೆಲ್ಲ ಶುರುವಾದ ಬೀಸನ್ನು ಘರ್ಷಣೆಯಿಂದಲೋ ಒತ್ತಡದಿಂದಲೋ ತಗ್ಗಿಸುವಂಥವು. ಜಿಮ್ ಹೆನ್ಸ್ಲಿ ಎಂಬ ಸಂಶೋಧಕ ಯೋಚಿಸಿದ್ದು ಬೇರೆ ದಾರಿ. ಅವರ ವಿನ್ಯಾಸದ ಹೆನ್ಸ್ಲಿ ಆ್ಯರೋ, ಆಮೇಲೆ ಬಂದ ಪ್ರೊಪ್ರೈಡ್ ಎರಡರಲ್ಲೂ ಗುಂಡು ಪೆಟ್ಟಿಗೆಯಂಥ ಚೌಕಟ್ಟಿನೊಳಗೆ ಬಿಗಿಯಾಗಿ ಕೂತಿರುತ್ತದೆ. ಟ್ರೇಲರ್ ತಿರುಗುವುದು ಮುಂದಕ್ಕೆ ಕಿರಿದಾಗುತ್ತ ಹೋಗುವ ಎರಡು ತೋಳುಗಳ ಮೇಲೆ. ಆ ತೋಳುಗಳ ರೇಖಾಗಣಿತದಿಂದಾಗಿ ಟ್ರಕ್ಕು ಟ್ರೇಲರನ್ನು ತಿರುಗಿಸಬಲ್ಲದು, ಟ್ರೇಲರ್ ಟ್ರಕ್ಕನ್ನು ತಿರುಗಿಸಲಾರದು. ಟ್ರೇಲರ್‌ನ ದೃಷ್ಟಿಯಲ್ಲಿ ತಿರುಗುಬಿಂದು ಗುಂಡಿನಿಂದ ಮುಂದಕ್ಕೆ, ಟ್ರಕ್ಕಿನ ಹಿಂದಿನ ಆಕ್ಸಲ್‌ನ ಹತ್ತಿರಕ್ಕೆ ಸರಿದುಬಿಟ್ಟಿರುತ್ತದೆ. ಸಾಧಾರಣ ಕೊಂಡಿ ಕೆಲವು ನೂರು ಡಾಲರ್‌ಗೆ ಸಿಕ್ಕರೆ ಇವುಗಳ ಬೆಲೆ ಸಾವಿರಗಳಲ್ಲಿ. ವರ್ಷಕ್ಕೆ ಎರಡು ಸಲ ಹತ್ತಿರದ ಕೆರೆದಂಡೆಗೆ ಹೋಗುವವರಿಗೆ ಇದು ದುಂದು. ಮೂವತ್ತು ಅಡಿ ಉದ್ದದ ಟ್ರೇಲರ್‌ನೊಂದಿಗೆ ವಯೋಮಿಂಗ್ ದಾಟುತ್ತಲೇ ಇರುವವರಿಗೆ ದುಬಾರಿ ಎನ್ನಿಸಲಾರದು.

ಎಷ್ಟೇ ಒಳ್ಳೆಯ ಸಾಧನವಿದ್ದರೂ ಬಾಲ ಬೀಸತೊಡಗಿದರೆ ಮಾಡಬೇಕಾದದ್ದು ಒಂದೇ: ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಟ್ರಕ್ಕಿನ ಬ್ರೇಕ್ ಮುಟ್ಟದೆ, ಡ್ಯಾಶ್‌ಬೋರ್ಡ್ ಬಳಿಯ ಕಂಟ್ರೋಲರ್‌ನಿಂದ ಟ್ರೇಲರ್ ಬ್ರೇಕನ್ನು ಮಾತ್ರ ಒತ್ತುವುದು. ಟ್ರೇಲರ್ ಹಿಂದಕ್ಕೆ ಎಳೆದಂತಾಗಿ ಸಾಲು ನೇರವಾಗುತ್ತದೆ.

ಎಲ್ಲ ಗಾಡಿಗೂ ಒಗ್ಗದು

ಈ ಕೊಂಡಿಯನ್ನು ಹಾಕಲೇಬಾರದ ವಾಹನಗಳೂ ಇವೆ. ಲಾರಿಯಂತೆ ಪ್ರತ್ಯೇಕ ಚಾಸಿಯಿಲ್ಲದೆ ಮೈಯೇ ಚೌಕಟ್ಟಾಗಿರುವ ಎಸ್‌ಯುವಿಗಳಲ್ಲಿ ಕೆಲವಕ್ಕೆ ಕಂಪನಿಯೇ ಬೇಡವೆಂದಿದೆ. ಸಲಾಕೆಗಳ ತಿರುಚುವ ಬಲ ತಡೆಯುವಂತೆ ಅವುಗಳ ಹಿಂಭಾಗ ಕಟ್ಟಿರುವುದಿಲ್ಲ. ಟ್ರೇಲರ್ ಕಡೆಯಿಂದಲೂ ತಕರಾರು ಬರಬಹುದು. ಟ್ರೇಲರ್ ಮುಂದಕ್ಕೆ ನುಗ್ಗುವ ಒತ್ತಡದಿಂದಲೇ ಬ್ರೇಕ್ ಹಾಕಿಕೊಳ್ಳುವ ದೋಣಿ ಟ್ರೇಲರ್‌ಗಳ ಕಪ್ಲರ್, ಅಂದರೆ ಗುಂಡನ್ನು ಹಿಡಿಯುವ ಭಾಗದ ಜೊತೆ ಎಲ್ಲ ಕೊಂಡಿಗಳೂ ಹೊಂದುವುದಿಲ್ಲ. ಚೌಕಟ್ಟಿನ ಉಕ್ಕು ತೆಳುವಾಗಿದ್ದರೆ ಸಲಾಕೆ ಎಳೆದೆಳೆದು ಬಗ್ಗುತ್ತದೆ.

ಟ್ರಕ್ಕಿನ ತೊಟ್ಟಿಯೊಳಗೇ ಕೂರುವ ಫಿಫ್ತ್ ವೀಲ್ ಟ್ರೇಲರ್‌ಗೆ ಈ ಕೊಂಡಿಯ ಅಗತ್ಯವೇ ಬರದು. ಅಲ್ಲಿ ಭಾರ ಬೀಳುವುದೇ ಹಿಂದಿನ ಆಕ್ಸಲ್‌ನ ನೇರ ಮೇಲೆ.

ಯುರೋಪಿಗೆ ಹೋದರೆ ಕತೆಯೇ ಬೇರೆ. ಜರ್ಮನಿಯಲ್ಲಿ ಕಾರವಾನ್ ಎಳೆಯುವವರಿಗೆ ಗಂಟೆಗೆ 80 ಕಿಲೊಮೀಟರ್ ಮಿತಿ, ವಿಶೇಷ ಅನುಮತಿಯ ಫಲಕವಿದ್ದರೆ 100. ಬಹಳಷ್ಟು ಕಾರುಗಳ ಗುಂಡು ಹೊರುವುದು 75ರಿಂದ 100 ಕಿಲೊ ಮಾತ್ರ. ಅದಕ್ಕೆ ತಕ್ಕಂತೆ ಅಲ್ಲಿನ ಕಾರವಾನ್‌ಗಳೂ ಹಗುರ, ಭಾರವಾದ ಸಾಮಾನು ಆಕ್ಸಲ್‌ನ ಹತ್ತಿರ ಇರುವಂತೆ ಕಟ್ಟಿದವು. ಅಲ್ಲಾಟ ತಡೆಯುವ ಸ್ಟೆಬಿಲೈಸರ್ ಅಲ್ಲಿ ಮಾಮೂಲಿ, ಭಾರ ಹಂಚುವ ಸಲಾಕೆ ಅಪರೂಪ. ಭಾರವಾದ ಟ್ರೇಲರನ್ನು ವೇಗವಾಗಿ ಎಳೆಯಬೇಕೆಂಬ ಅಮೆರಿಕದ ಹಂಬಲವೇ ಈ ಕೊಂಡಿಯನ್ನು ಅಷ್ಟು ಅಗತ್ಯ ಮಾಡಿದೆ ಎಂದರೂ ಸಲ್ಲುತ್ತದೆ.

ಟೇಪು ಹಿಡಿದು ಅರ್ಧ ದಿನ

ಸರಿಯಾದ ಕೊಂಡಿ ತಂದ ಮೇಲೂ ಕೆಲಸ ಬಾಕಿ ಇರುತ್ತದೆ. ಮಟ್ಟವಾದ ನೆಲದ ಮೇಲೆ, ತುಂಬಿದ ಟ್ರಕ್ಕಿನ ಮುಂದಿನ ಚಕ್ರದ ಕಮಾನು ನೆಲದಿಂದ ಎಷ್ಟು ಎತ್ತರವಿದೆ ಎಂದು ಟೇಪಿನಿಂದ ಅಳೆಯಬೇಕು. 96 ಸೆಂಟಿಮೀಟರ್ ಎನ್ನಿ. ಟ್ರೇಲರ್ ಹಾಕಿ, ಸಲಾಕೆ ಬಿಗಿಯದೆ ಅಳೆದಾಗ 100 ಬಂತು. ಅರ್ಧ ಮರಳಿಸಿ ಎಂದು ಕೈಪಿಡಿ ಹೇಳಿದರೆ ಸಲಾಕೆ ಬಿಗಿದ ಮೇಲೆ 98 ಬರಬೇಕು. 99 ಬಂದರೆ ಸರಪಳಿಯ ಒಂದು ಕೊಂಡಿ ಮೇಲೆ, ಅಥವಾ ತಲೆಭಾಗವನ್ನು ಇನ್ನಷ್ಟು ಹಿಂದಕ್ಕೆ ವಾಲಿಸಲು ಒಂದು ವಾಷರ್ ಹೆಚ್ಚು. 96ಕ್ಕಿಂತ ಕೆಳಗಿಳಿದರೆ ಬಿಗಿತ ಅತಿಯಾಯಿತು. ಟ್ರಕ್ಕಿನಲ್ಲಿ ತಾನೇ ಮಟ್ಟ ಸರಿಪಡಿಸಿಕೊಳ್ಳುವ ಏರ್ ಸಸ್ಪೆನ್ಷನ್ ಇದ್ದರೆ ಅಳೆಯುವಾಗ ಅದನ್ನು ಹೇಗೆ ಇಡಬೇಕೆಂದು ಕೈಪಿಡಿ ನೋಡಲೇಬೇಕು, ಇಲ್ಲದಿದ್ದರೆ ಟೇಪು ಸುಳ್ಳು ಹೇಳುತ್ತದೆ. ಟ್ರೇಲರ್ ತಾನೂ ಮಟ್ಟವಾಗಿ, ಇಲ್ಲವೇ ಕೂದಲೆಳೆಯಷ್ಟು ಮೂತಿ ತಗ್ಗಿಸಿ ನಿಂತಿರಬೇಕು.

ಬಾಗಿದ ಸಲಾಕೆಯಲ್ಲಿ ನೂರಾರು ಕಿಲೊ ಬಲ ಅಡಗಿರುತ್ತದೆ ಎಂಬುದನ್ನು ಮರೆತವರು ಕಾಲು, ಹಲ್ಲು ಮುರಿದುಕೊಳ್ಳುತ್ತಾರೆ. ಬರಿ ಹಾರೆಯಿಂದ ಮೀಟಿ ಸಿಕ್ಕಿಸಲು ಹೋಗಬಾರದು. ಕಪ್ಲರ್ ಗುಂಡಿನ ಮೇಲೆ ಕೂತು ಬೀಗ ಬಿದ್ದ ಮೇಲೆ ಟ್ರೇಲರ್‌ನ ಜಾಕ್ ತಿರುಗಿಸಿ, ಟ್ರಕ್ಕಿನ ಹಿಂಭಾಗವನ್ನೂ ಸೇರಿಸಿ ಮೇಲಕ್ಕೆತ್ತಿದರೆ ಸಲಾಕೆ ಕೈಯಲ್ಲೇ ಕೂರುವಷ್ಟು ಸಡಿಲವಾಗುತ್ತದೆ. ಬಿಚ್ಚುವಾಗಲೂ ಇದೇ ಕ್ರಮ. ಕಡಿದಾದ ಗೇಟು, ಆಳವಾದ ಚರಂಡಿ ದಾಟುವಾಗ ಸಲಾಕೆಗಳ ಮೇಲೆ ವಿಪರೀತ ಒತ್ತಡ ಬೀಳುವುದರಿಂದ ಅಲ್ಲಿ ಬಿಚ್ಚಿಕೊಂಡು ಮುಂದೆ ಹೋಗಿ ಮತ್ತೆ ಹಾಕುವುದು ಲೇಸು.

ಟ್ರಕ್ಕು ಬದಲಾದರೆ ಈ ಅಳತೆಗಳೆಲ್ಲ ರದ್ದು. ಹೊಸ ಟ್ರಕ್ಕಿನ ರಿಸೀವರ್ ಎರಡು ಇಂಚು ಎತ್ತರವಿದ್ದರೂ ಕೊಂಡಿಯ ಕತ್ತಿನ ಭಾಗವನ್ನೇ ಬದಲಿಸಬೇಕಾಗಬಹುದು. ಸೆಕೆಂಡ್ ಹ್ಯಾಂಡ್ ಕೊಂಡಿ ಕೊಳ್ಳುವವರಿಗೆ ಸಿಗುವುದು ಕಬ್ಬಿಣ ಮಾತ್ರ. ಅದರ ಹೊಂದಾಣಿಕೆ ಬೇರೆ ಯಾರದೋ ಗಾಡಿಯದು.

ತೂಗುವ ಕೆಲಸವನ್ನು ಟ್ರಕ್ಕುಗಳೇ ವಹಿಸಿಕೊಳ್ಳತೊಡಗಿವೆ. ಫೋರ್ಡ್ 2021ರ ಎಫ್-150ಯಲ್ಲಿ ಸಸ್ಪೆನ್ಷನ್‌ಗೆ ಸೆನ್ಸರ್ ಜೋಡಿಸಿ, ಹೇರಿದ ಭಾರವನ್ನು ಪರದೆಯ ಮೇಲೆ ತೋರಿಸುವ ವ್ಯವಸ್ಥೆ ತಂದಿತು. ಅದರ ಜೊತೆಗಿರುವ ಸ್ಮಾರ್ಟ್ ಹಿಚ್ ಎಂಬ ಸೌಲಭ್ಯ ಟಂಗ್ ವೇಟ್ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುತ್ತದೆ, ಭಾರ ಹಂಚುವ ಸಲಾಕೆಗಳನ್ನು ಎಷ್ಟು ಬಿಗಿಯಬೇಕೆಂಬುದಕ್ಕೂ ದಾರಿ ತೋರಿಸುತ್ತದೆ. ಜಾಕ್ ತಿರುಗಿಸಿ ಸರಪಳಿಯನ್ನು ಒಂದು ಕೊಂಡಿ ಮೇಲೆ ಸಿಕ್ಕಿಸುವ ಕೆಲಸ ಇನ್ನೂ ಡ್ರೈವರ್‌ನದೇ.